ಬಿಚ್ಚದೆ ಉಳಿದ ಗಂಟು

ಕುರುಮಯ್ಯನ ಎಡಗೈ ಮಣಿಕಟ್ಟಿಗೆ ಯಾವಾಗಲೂ ಒಂದು ಕರಿ ಉಣ್ಣೆಯ ದಾರ ಸುತ್ತಿರುತ್ತಿತ್ತು. ಮೊಳದುದ್ದದ ಒರಟು ದಾರ, ಅವನೇ ಕದರಿನಲ್ಲಿ ನೂತದ್ದು. ನಾರಾಯಣಪೇಟೆಯ ಸಂತೆಯಲ್ಲಿ ಅವನು ಕುರಿ ದಲ್ಲಾಲಿ. ಯಾರಾದರೂ ಕೇಳಿಕೊಂಡರೆ ಹೊಲ ಮನೆಗಳನ್ನೂ ಮಾರಿಸಿಕೊಡುತ್ತಿದ್ದ. ಓದು ಬರಹ ಗೊತ್ತಿರಲಿಲ್ಲ. ಕೊಳ್ಳುವವರು ಒಂದು ಬೆಲೆ ಹೇಳಿದರೆ ಅವರ ಎದುರಿಗೇ ದಾರಕ್ಕೊಂದು ಗಂಟು ಹಾಕುತ್ತಿದ್ದ. ಆಮೇಲೆ ಮಾರುವವರ ಮುಂದೆ ಕೂತು, ಗಂಟು ಬಿಚ್ಚುತ್ತಾ ಆ ಮಾತು ಹೇಳುತ್ತಿದ್ದ. ಹೆಚ್ಚಿನ ಬೆಲೆಗೂ ಒಂದೇ ಗಂಟು, ನಗೆ ಬರುವಂಥ ಬೆಲೆಗೂ ಒಂದೇ ಗಂಟು. ಗಂಟು ಬಿಚ್ಚದೆ ಉಳಿದಿರುವಾಗ ಅವನ ಮನೆತನದವರು ತಮ್ಮ ಕುಲದೇವರು ಬೀರಪ್ಪನ ಗುಡಿಯ ಹೊಸ್ತಿಲು ದಾಟುತ್ತಿರಲಿಲ್ಲ.

ನನಗೆ ಆಗ ಹದಿನೆಂಟು. ನಿಜಾಮರ ಕಾಲ, ಅವರ ಪಸಲಿ ವರ್ಷ ಸಾವಿರದ ಮುನ್ನೂರ ಐವತ್ತೋ ಐವತ್ತೊಂದೋ ಇರಬೇಕು, ಅಂದರೆ ಇಂಗ್ಲಿಷ್ ಲೆಕ್ಕಕ್ಕೆ ಸಾವಿರದ ಒಂಬೈನೂರ ನಲವತ್ತರ ಆಸುಪಾಸು. ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ ಆದೆಪ್ಪ ತೀರಿಕೊಂಡು ವರ್ಷವಾಗಿತ್ತು. ಅವ್ವ ಚನ್ನವೀರಮ್ಮ ಮನೆಗೆ ಬೀಗ ಹಾಕಿ, ನನ್ನನ್ನು ಕರೆದುಕೊಂಡು, ಗದ್ವಾಲದಲ್ಲಿದ್ದ ತನ್ನ ಅಣ್ಣ ನಾಗಪ್ಪನವರ ಮನೆಗೆ ಬಂದಿದ್ದಳು. ಮಾವ ಒಳ್ಳೆಯವರು. ಅತ್ತೆ ಹಂಪಮ್ಮನವರೂ ಒಳ್ಳೆಯವರೇ. ಆದರೂ ಅವ್ವ ದಿನಾ ಒಗ್ಗರಣೆಗೆ ಮುಂಚೆ ಕೇಳುವಳು:

"ಅತ್ತಿಗಿ, ಒಂದು ಚಿಟಿಕಿ ಸಾಸಿವಿ ತಗೊಳ್ಲಾ?"

"ಅಯ್ಯ, ನಿಮ್ಮನಿ ಅಂತ ತಿಳ್ಕೊಳ್ರಿ! ಕೇಳೋದ್ಯಾಕ?" ಎಂದು ಅತ್ತೆ ಗದರುವರು.

ಮರುದಿನ ಅವ್ವ ಮತ್ತೆ ಕೇಳುವಳು. ಅತ್ತೆ ಮತ್ತೆ ಅಷ್ಟೇ ಪ್ರೀತಿಯಿಂದ ಗದರುವರು. ಒಂದು ವರ್ಷ ಪೂರ್ತಿ ಹೀಗೇ ನಡೆಯಿತು.

ಅಪ್ಪ ಇರುವಾಗಲೇ ನಾನು ಗುಲ್ಬರ್ಗದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿದ್ದೆ. ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಜಾಗ ಸಿಕ್ಕಿದೆ ಎಂದು ಕಾಗದ ಬಂತು. ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಕ್ಕೂ ದುಡ್ಡು ಬೇಕು. ಮಾವನಿಗೆ ತಮ್ಮದೇ ಮೂವರು ಹೆಣ್ಣುಮಕ್ಕಳು. ಅವ್ವ ಆ ಕಾಗದವನ್ನು ಎರಡು ಸಲ ನನ್ನಿಂದ ಓದಿಸಿದಳು. ಆಮೇಲೆ, "ನಾರಾಯಣಪ್ಯಾಟಿ ಮನಿ ಮಾರಿಬಿಡೋಣು" ಎಂದಳು. ಮನೆಯ ಪತ್ರ ಅವ್ವನ ಹೆಸರಿನಲ್ಲೇ ಇತ್ತು. ಅಪ್ಪ ಹಾಗೆ ಮಾಡಿಸಿಟ್ಟಿದ್ದರು.

ಬೇಡ ಎನ್ನಬೇಕೆಂದು ನನ್ನ ಬಾಯಿಗೆ ಬಂತು. ಆದರೆ ಎನ್ನಲಿಲ್ಲ. ನನಗೆ ಓದಬೇಕಾಗಿತ್ತು. ಅವ್ವ ಇನ್ನು ಸಾಯುವ ತನಕ ಸಾಸಿವೆ ಕೇಳಿಕೊಂಡೇ ಇರಬೇಕಾಗುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ಆ ನಾಚಿಕೆ ಇನ್ನೂ ನನ್ನಲ್ಲಿದೆ.

ಮನೆ ಮಾರಿಸುವ ಕೆಲಸ ಕುರುಮಯ್ಯನಿಗೆ ಹೋಯಿತು. ಶ್ರಾವಣದ ಒಂದು ಶನಿವಾರ ಅವನು ಮಕ್ತಲ್ ಮೇಲಿಂದ ನಡೆದು, ಕೃಷ್ಣಾ ನದಿಯನ್ನು ಹರಿಗೋಲಿನಲ್ಲಿ ದಾಟಿ ಗದ್ವಾಲಕ್ಕೆ ಬಂದ. ಹೊಳೆ ತುಂಬಿತ್ತು, ಮೇಲೆ ಮಳೆ ಬೇರೆ. ತಲೆಯಿಂದ ಕಾಲಿನವರೆಗೆ ತೊಯ್ದು, ಕಂಬಳಿ ಹಿಂಡುತ್ತಾ ಕಟ್ಟೆಯ ಕೆಳಗೇ ನಿಂತ. ಅತ್ತೆ ಒಳಗೆ ಹೋಗಿ ಮಾವನ ಒಣ ಧೋತ್ರ ತಂದು ಅವನ ಕೈಗೆ ಕೊಟ್ಟರು.

"ಸಾವ್ಕಾರ್ರ ಧೋತ್ರ ನಂಗ್ಯಾಕ್ರಿ ಅವ್ವಾರ?"

"ನಿನ್ನ ಮೈಮ್ಯಾಲಾರ ಅದು ಸ್ವಲ್ಪ ಕೆಲಸ ಮಾಡ್ಲಿ. ಇವರು ಉಟ್ಕೊಂಡು ಬರೀ ಕೂಡ್ತಾರ," ಎಂದರು ಅತ್ತೆ. ಮಾವ ಕೇಳಿಸದವರ ಹಾಗೆ ಅಡಿಕೆ ಕತ್ತರಿಸುತ್ತಿದ್ದರು.

ಕುರುಮಯ್ಯ ಧೋತ್ರ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತ. ಅವ್ವ ನಡುಮನೆಯ ಹೊಸ್ತಿಲಿನ ಒಳಗೆ, ನಾನು ಅವಳ ಪಕ್ಕದಲ್ಲಿ. ಮಾವ "ಹೇಳಪಾ" ಎಂದರೂ ಅವನು ಹೊಸ್ತಿಲ ಕಡೆಗೇ ಮುಖ ಮಾಡಿ ದಾರ ಎತ್ತಿ ಹಿಡಿದ.

ಮೊದಲನೆಯ ಗಂಟು ಗದ್ವಾಲದವರೇ ಆದ ಶೇಂಗಾ ವ್ಯಾಪಾರಿ ಕರಿಬಸಯ್ಯನವರದು. ನಾರಾಯಣಪೇಟೆಯಲ್ಲೂ ಅವರದೊಂದು ಅಂಗಡಿಯಿತ್ತು. ನಿಜಾಮರ ಹಾಲಿ ನಾಣ್ಯದಲ್ಲಿ ಹನ್ನೆರಡು ನೂರು ರೂಪಾಯಿ ಕೊಡುತ್ತಾರೆ. ಗೋದಾಮು ಮಾಡುತ್ತಾರೆ, ಬಾವಿ ಮುಚ್ಚಿಸುತ್ತಾರೆ. ಎರಡನೆಯದು ಮಕ್ತಲಿನ ಒಬ್ಬ ಮಾಸ್ತರರದು, ಎಂಟು ನೂರು. ಮೂರನೆಯ ಗಂಟು ಬಿಚ್ಚುವಾಗ ಅವನ ಮುಖ ಇನ್ನಷ್ಟು ಗಂಭೀರವಾಯಿತು.

"ಕೊತ್ತಪಲ್ಲಿ ಬಾಲಯ್ಯ ಸಾವ್ಕಾರ್ರು ಹೇಳ್ಯಾರ್ರಿ. ಮನಿ ಬ್ಯಾಡಂತ್ರಿ. ಬಾಗ್ಲಾ, ಕಿಟಕಿ, ತೊಲಿ ಕಿತ್ಕೊಂಡು ಹೋಗ್ತಾರಂತ. ಗ್ವಾಡಿ ನೀವ ಇಟ್ಕೋಬೇಕಂತ್ರಿ. ಇನ್ನೂರು."

ಮಾವ ಅಡಕತ್ತರಿ ಕೆಳಗಿಟ್ಟು ನಗತೊಡಗಿದರು. "ಇದನ್ನ ಹೇಳಾಕ ತುಂಬಿದ ಹೊಳಿ ದಾಟಿದೇನೋ? ಅಲ್ಲೇ ಆತನ ಮಾರಿಗೆ ಉಗಳಿ ಬರಬಾರದಾ?"

"ಉಗಳೋದು, ಬಿಡೋದು ಮನಿ ಒಡತೀದ್ರಿ. ನಂದು ಬರೀ ಹೊತ್ಕೊಂಡು ಬರೋದು."

ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, "ಕರಿಬಸಯ್ಯನವರಿಗೇ ಆಗ್ಲಿ" ಎಂದಳು. ಅಂಚು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಾ, "ಬಾವಿ ನೀರು ಸಿಹಿ ಇತ್ತು" ಎಂದಳು.

ಸೋಮವಾರ ಬೆಳಿಗ್ಗೆ ಬಯಾನ ಎಂದು ನಿಶ್ಚಯವಾಯಿತು. ಬಯಾನವೆಂದರೆ ಮುಂಗಡದ ದುಡ್ಡು; ಅದನ್ನು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಮಾರುವವರು ಆ ಎಲೆ ಎತ್ತಿಕೊಂಡರೆ ಮುಗಿಯಿತು, ಆಮೇಲೆ ಯಾರು ಎಷ್ಟು ಕೊಡುತ್ತೇನೆಂದರೂ ಮಾತು ತಿರುಗಿಸುವಂತಿಲ್ಲ. ಕುರುಮಯ್ಯನಿಗೆ ಮುಂದಿನ ಸಂತೆಗೆ ಕುರಿ ನೋಡುವುದಿತ್ತು. ಅವನು ರೊಟ್ಟಿ ತಿಂದು, ಇನ್ನೂ ಒದ್ದೆಯಿದ್ದ ತನ್ನ ಧೋತ್ರವನ್ನೇ ಉಟ್ಟು, ಮಾವನದನ್ನು ಮಡಿಸಿಟ್ಟು ಹೊರಟ.

"ಇನ್ನ ಯಾರ ಮಾತೂ ತರಬ್ಯಾಡಪಾ, ವ್ಯವಹಾರ ಮುಗೀತು," ಎಂದರು ಮಾವ.

ಅವನು ಕಟ್ಟೆಯ ಮೇಲೆ ನಿಂತು ತಲೆ ಕೆರೆದುಕೊಂಡ. "ಅದನ್ನ ಚನ್ನವೀರಮ್ಮಾರು ಹೇಳ್ಬೇಕ್ರಿ."

ಅವ್ವ ಒಳಗೆ ಅಡುಗೆಮನೆಯಲ್ಲಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಅವನು ಹೋದ.

ಭಾನುವಾರ ಪೂರ್ತಿ ಮಳೆ. ಅವ್ವ ನನ್ನ ಎರಡು ಸೀರೆಗಳಿಗೆ ಅಂಚು ಹೊಲಿದಳು. ಹಾಸ್ಟೆಲ್ಲಿನಲ್ಲಿ ಹರಿದದ್ದು ಉಟ್ಟರೆ ಜನ ನೋಡುತ್ತಾರೆ ಎಂದು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕರಿಬಸಯ್ಯನವರು ಬಂದರು. ಎತ್ತರದ ಆಳು, ವಿಭೂತಿ, ಮಡಿ ಅಂಗಿ. ಅವರ ಹಿಂದೆ ಅವರ ಗುಮಾಸ್ತ ಸಾಯಣ್ಣ ತಾಮ್ರದ ತಟ್ಟೆ ಹಿಡಿದಿದ್ದ. ತಟ್ಟೆಯನ್ನು ಅವ್ವನ ಹೊಸ್ತಿಲ ಹತ್ತಿರ ಇಟ್ಟರು. ಮಾವ, "ತಗೋ ಚನ್ನಿ, ದೇವರ ನೆನೆಸಿ ತಗೋ" ಎಂದರು. ಅವ್ವ ಸೆರಗು ಸರಿಮಾಡಿಕೊಂಡು ಕೈ ಚಾಚಿದಳು.

ಅಷ್ಟರಲ್ಲಿ ಬೀದಿಯ ತುದಿಯಿಂದ ಒಂದು ಕೂಗು. "ಅವ್ವಾರ! ಎಲಿ ಮುಟ್ಟಬ್ಯಾಡ್ರಿ! ಅವ್ವಾರ!"

ಕುರುಮಯ್ಯ ಓಡಿಬಂದ. ಓಡಿದ ಎನ್ನುವಂತಿರಲಿಲ್ಲ, ಮೊಣಕಾಲಿನವರೆಗೆ ಕೆಸರು, ಒಂದು ಕಾಲು ಎಳೆಯುತ್ತಿದ್ದ, ಹಣೆಯಲ್ಲಿ ತರಚಿದ ಗಾಯ. ಅವನ ಹಿಂದೆ ಇನ್ನೊಬ್ಬ ಗಟ್ಟಿಮುಟ್ಟಾದ ಕಪ್ಪು ಮನುಷ್ಯ, ಹೆಗಲ ಮೇಲೆ ಹರಿಗೋಲಿನ ಹುಟ್ಟು. ಇಬ್ಬರೂ ಅಂಗಳದಲ್ಲಿ ನಿಂತು ಏದುಸಿರು ಬಿಟ್ಟರು.

ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

"ಒಂದು ಗಂಟು ಉಳದೈತ್ರಿ," ಎಂದ ಕುರುಮಯ್ಯ. ಅಷ್ಟು ಹೇಳಿ ಅಲ್ಲೇ ಕುಸಿದು ಕೂತ.

ಉಳಿದದ್ದನ್ನು ಹುಟ್ಟು ಹೊತ್ತವನು ಹೇಳಿದ. ಅವನ ಹೆಸರು ಭೀಮಯ್ಯ, ಹೊಳೆಯ ಆಚೆ ದಡದ ಹರಿಗೋಲಿನವನು.

"ಈತ ಶನಿವಾರ ದಾಟಿ ನಮ್ಮ ದಂಡಿಗೆ ಬಂದು ತಮ್ಮ ಮಂದಿ ಕುರಿಹಟ್ಟ್ಯಾಗ ಇದ್ದಾನ್ರಿ. ನಿನ್ನಿ ಮುಂಜಾನಿ ಬೆಂಕಿ ಮುಂದ ಆ ದಾರ ಒಣಗಿಸ್ಯಾನ. ಒಣಗಿದ ಮ್ಯಾಲ ಗಂಟು ಕಂಡೈತಿ. ಅವಾಗಿಂದ ನನ್ನ ಹಿಂದ ಬಿದ್ದಾನ, ದಾಟ್ಸು ದಾಟ್ಸು ಅಂತ. ನಿನ್ನಿ ಹೊಳಿ ನೋಡಿದ್ರೇನ್ರಿ ನೀವು? ಮರ ಮರಾನ ಬರಾಕತ್ತಿದ್ವು. ಆಗಂಗಿಲ್ಲ ಅಂದೆ. ದಂಡಿ ಮ್ಯಾಲೇ ಕೂತ. ಉಣ್ಣಾಕ ಕೊಟ್ರ ಉಣ್ಲಿಲ್ಲ. ಇವತ್ತು ಬೆಳಕು ಹರಿಯೂದ್ರೊಳಗ ತೇಲಾಕಂತ ಒಣ ಸೋರಿಬುರುಡಿ ಎದಿಗಿ ಕಟ್ಕೊಂಡು ನೀರಿಗಿಳಿಯಾಕತ್ತಿದ್ದ! ಈಸು ಬರಂಗಿಲ್ಲ ಆತಗ!"

"ಸ್ವಲ್ಪ ಬರ್ತೈತಿ," ಎಂದ ಕುರುಮಯ್ಯ ನೆಲ ನೋಡುತ್ತಾ.

"ಏನ್ ಬರ್ತೈತಿ, ಮುಳುಗಾಕ ಬರ್ತೈತಿ! ನಾ ಹಿಡಕೊಂಡು ಕೇಳ್ದೆ, ಯಾರಾರ ಸಾಯಾಕತ್ತಾರೇನೋ ಆಚಿಕಡಿ? ಇಲ್ಲ, ಯಾರದೋ ಮನೀಗೆ ಯಾರೋ ಹೇಳಿದ ಒಂದು ಮಾತು ಮುಟ್ಸೂದೈತಿ ಅಂದ. ನಂಗ ತಲಿ ಕೆಟ್ಟುಹೋತು. ಹರಿಗೋಲು ಇಳಿಸಿದೆ. ಒಂದು ಹರದಾರಿ ಕೆಳಗ ಕೊಚ್ಕೊಂಡು ಹೋಗಿ ದಡ ಹತ್ತೀವ್ರಿ. ನಂದು ಅಲ್ಲೀಗೇ ಮುಗೀತು. ಆದ್ರ ಜೀವಕ್ಕಿಂತ ದೊಡ್ಡದಾದ ಆ ಮಾತು ಯಾವ್ದು ಅಂತ ಕೇಳಿ ಹೋಗೋಣಂತ ಮೂರು ಹರದಾರಿ ನಡದು ಬಂದೀನಿ. ಹೇಳಪಾ ಇನ್ನ!"

ಕುರುಮಯ್ಯ ಮಣಿಕಟ್ಟು ಚಾಚಿದ. ದಾರ ತೆಗೆದು ಗಂಟಿಗೆ ಉಗುರು ಹಾಕಿದ. ಅದು ಮತ್ತೆ ತೊಯ್ದಿತ್ತು. ಹಸಿ ಉಣ್ಣೆ ನೆನೆದು, ಒಣಗಿ, ಮತ್ತೆ ನೆನೆದು ಕಂಬಳಿಯಂತೆ ಗಟ್ಟಿ ಕಟ್ಟಿಕೊಂಡಿತ್ತು. ಶನಿವಾರ ಆದದ್ದೂ ಅದೇ: ಬಾಲಯ್ಯನ ಗಂಟಿನ ಬೆನ್ನಿಗೇ ಇದ್ದ ಈ ಗಂಟು ನೀರಿಗೆ ಕುಗ್ಗಿ, ಉಣ್ಣೆಗೆ ಅಂಟಿದ ಮುಳ್ಳುಕಾಯಿಯ ಹಾಗೆ ಕಂಡಿತ್ತು.

"ಅಲ್ಲೋ, ಬಾಯಿಲೆ ಹೇಳಿಬಿಡೋ!" ಎಂದು ಮಾವ ರೇಗಿದರು.

"ಬಿಚ್ಚದ ಹೇಳಂಗಿಲ್ರಿ. ಅರ್ಧಾ ಹೇಳ್ದಂಗ ಆಗ್ತೈತಿ."

ಚಳಿಗೆ ಮರಗಟ್ಟಿದ ಅವನ ಬೆರಳಿಗೆ ಗಂಟು ಸಿಗಲಿಲ್ಲ. ಅವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. ಅಂಚು ಹೊಲಿದ ಸೂಜಿ ಅವಳ ಸೆರಗಿನಲ್ಲೇ ಚುಚ್ಚಿತ್ತು. ಅದನ್ನು ತೆಗೆದು ಕೈ ಚಾಚಿದಳು. ಕುರುಮಯ್ಯ ದಾರ ಕೊಟ್ಟ. ಅವಳು ಸೂಜಿಯ ಮೊನೆಯನ್ನು ಗಂಟಿನೊಳಗೆ ತೂರಿಸಿದಳು, ದಾರ ಜಾರುತ್ತಿತ್ತು.

ಆಗ ಕರಿಬಸಯ್ಯನವರು ಮುಂದಕ್ಕೆ ಬಾಗಿ ದಾರದ ಇನ್ನೊಂದು ತುದಿಯನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದರು. ಈ ಗಂಟು ಬಿಚ್ಚಿದರೆ ಮನೆ ತಮ್ಮ ಕೈ ತಪ್ಪಬಹುದು ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಅಲುಗಾಡದೆ ಹಿಡಿದುಕೊಂಡೇ ಇದ್ದರು. ಅಂಗಳದಲ್ಲಿ ಭೀಮಯ್ಯ ಹುಟ್ಟನ್ನು ಊರಿಕೊಂಡು ನಿಂತಿದ್ದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ. ಎಲ್ಲರೂ ಆ ಕಡಲೆಕಾಳಿನಷ್ಟು ಗಂಟನ್ನೇ ನೋಡುತ್ತಿದ್ದೆವು. ಯಾರೋ ನಂಬಿ ಕೊಟ್ಟ ಮಾತು ಅದರೊಳಗಿತ್ತು. ಅದು ತುಂಬಿದ ಹೊಳೆಯನ್ನು ಮೂರು ಸಲ ದಾಟಿತ್ತು. ಎಷ್ಟೋ ಕಡೆ ಎಷ್ಟೋ ಜನ ಕೈಮುಗಿದು ನಿಂತದ್ದನ್ನು ಆಮೇಲೆ ನೋಡಿದ್ದೇನೆ. ಆ ದಿನ ಆ ಪಡಸಾಲೆಯಲ್ಲಿ ಇದ್ದಂಥ ಮೌನ ಎಲ್ಲೂ ಸಿಕ್ಕಿಲ್ಲ.

ಗಂಟು ಸಡಿಲಾಯಿತು.

"ಮೊಗುಲಮ್ಮ," ಎಂದ ಕುರುಮಯ್ಯ. "ನಿಮ್ಮ ಓಣಿ ತುದ್ಯಾಗ ಮಗ್ಗ ಹಾಕ್ಯಾಳಲ್ರಿ, ಸೀರಿ ನೇಯೋಳು. ಆಕಿ ಕೊಟ್ಟಿಗಿ ಸೋರ್ತೈತಿ. ಮಗ್ಗ ಹೂಡಿದ ಕುಣ್ಯಾಗ ನೀರು ನಿಲ್ತಾವ. ಆಕಿಗೆ ನಿಮ್ಮ ಪಡಸಾಲಿ ಅಷ್ಟಾ ಬೇಕಂತ್ರಿ. ಎರಡು ಮಗ್ಗ ಹಿಡೀತಾವಂತ. ಹಿಂದಿನ ಮನಿ, ಅಡಗಿಮನಿ, ಬಾವಿ, ಹಿತ್ತಲ ನಂಗ್ಯಾಕ, ಅವರ ಇಟ್ಕೊಳ್ಳಿ ಅಂದಾಳ. ನಡುವ ಗ್ವಾಡಿ ತಾನ ಕಟ್ಟಿಸ್ತಾಳಂತ. ಆರು ನೂರು. ಬೆಳ್ಳಿ ಡಾಬು ಮಾರಿ ಕೂಡಿಸ್ಯಾಳ."

ಅವ್ವ ಸೂಜಿ ಹಿಡಿದುಕೊಂಡೇ ನಿಂತಿದ್ದಳು.

"ಅರ್ಧಾ ಮನಿ ಯಾರು ಮಾರ್ತಾರೋ?" ಎಂದರು ಮಾವ. "ಹನ್ನೆರಡು ನೂರು ಬಿಟ್ಟು ಆರು ನೂರಾ?"

"ನಾನೂ ಅದನ್ನ ಅಂದ್ಕೊಂಡಿದ್ದೆ ಸಾವ್ಕಾರ್ರ. ನಗಕೋತ ಗಂಟು ಹಾಕಿದ್ದೆ. ಅದಕ್ಕ ಮರ್ತೆ." ಅವನು ಅವ್ವನ ಕಡೆ ತಿರುಗಿದ. "ದಾರ ಕುಗ್ಗಿದ್ದು ನೆಪ ಅವ್ವಾರ. ಬಾಲಯ್ಯ ಸಾವ್ಕಾರ್ರ ಚೇಷ್ಟಿ ಮಾತು ನೆನಪಿಟ್ಟು ತಂದೆ. ಮಗ್ಗದ ಹೆಣ್ಮಗಳ ಮಾತು ಮರ್ತೆ. ತಪ್ಪಾತು."

"ಸುಮ್ಮನ ಇದ್ದಿದ್ರ ನಿನಗ ದಲ್ಲಾಲಿ ದುಡ್ಡು ಎರಡರಷ್ಟು ಸಿಗ್ತಿತ್ತಲ್ಲೋ," ಎಂದರು ಕರಿಬಸಯ್ಯನವರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆ ಇತ್ತು.

"ಸಿಗ್ತಿತ್ರಿ," ಎಂದು ಕುರುಮಯ್ಯ ಒಪ್ಪಿಕೊಂಡ.

ಅವ್ವ ನನ್ನ ಕಡೆ ನೋಡಿದಳು. "ಆರು ನೂರಿಗೆ ನಿನ್ನ ಓದು ಎಷ್ಟು ದೂರ ಹೋಗ್ತೈತಿ?"

"ಎರಡು ವರ್ಷ," ಎಂದೆ. ಓದು ನಾಲ್ಕು ವರ್ಷದ್ದು. ಅದು ಅವಳಿಗೂ ಗೊತ್ತಿತ್ತು. "ಆಮ್ಯಾಗ ಸರ್ಕಾರದವರು ವಜೀಫಾ ಅಂತ ದುಡ್ಡು ಕೊಡ್ತಾರಂತವ್ವ, ಚಲೋ ಓದಿದೋರಿಗೆ."

"ಹಂಗಾದ್ರ ಚಲೋ ಓದು."

ಅಷ್ಟು ಹೇಳಿ ಅವಳು ಕರಿಬಸಯ್ಯನವರಿಗೆ ಕೈಮುಗಿದಳು. "ನಿಮಗ ತ್ರಾಸ ಕೊಟ್ಟೆ ಅಣ್ಣಾರ. ಎಲಿ ಎತ್ತಲಿಲ್ಲ ನಾನು."

ಮಾವನ ಮುಖ ಕೆಂಪಾಗಿತ್ತು. "ನಾ ಮಾತು ಕೊಟ್ಟಿದ್ದೆನಲ್ಲ ಚನ್ನಿ..."

"ನಾಗಪ್ಪನವರ," ಎಂದರು ಕರಿಬಸಯ್ಯನವರು, "ಗಂಟು ಬಿಚ್ಚಾಕ ದಾರದ ತುದಿ ನಾನ ಹಿಡಿದೀನಿ. ಇನ್ನ ಯಾರ ಮ್ಯಾಲ ಸಿಟ್ಟು ಮಾಡ್ಲಿ?" ತಟ್ಟೆಯಿಂದ ದುಡ್ಡು ತೆಗೆದುಕೊಂಡರು. ಎಲೆ ಅಡಿಕೆಯನ್ನು ಹಾಗೇ ಬಿಟ್ಟು, ತಟ್ಟೆಯನ್ನು ಕುರುಮಯ್ಯನ ಕಡೆ ಸರಿಸಿದರು. "ಹಾಕ್ಕೋ. ಚಳಿಗೆ ಚಲೋ."

ಅತ್ತೆ ಅಷ್ಟರಲ್ಲಿ ಮಾವನ ಧೋತ್ರ ಮತ್ತೆ ತಂದಿದ್ದರು, ಈ ಸಲ ಎರಡು. ಒಂದನ್ನು ಭೀಮಯ್ಯನ ಹೆಗಲ ಮೇಲೆ ಹಾಕಿದರು. ಅವನು, "ಇಷ್ಟಾ ಏನ್ರಿ ಆ ಮಾತು? ಒಂದು ಪಡಸಾಲಿ?" ಎಂದು ಎಲ್ಲರ ಮುಖ ನೋಡಿದ. ಆಮೇಲೆ ಅವ್ವನ ಮುಖ ನೋಡಿ, ಧೋತ್ರದ ತುದಿಯಿಂದ ತಲೆ ಒರೆಸಿಕೊಂಡ. ಹರಿಗೋಲಿನ ಬಾಡಿಗೆ ಎಷ್ಟು ಎಂದು ಮಾವ ಕೇಳಿದರೆ, ಹೊಳೆ ಇಳಿದ ಮೇಲೆ ಹೇಳುತ್ತೇನೆ ಎಂದ. ಎಂದೂ ಹೇಳಲಿಲ್ಲ.

ನಾನು ಹೈದರಾಬಾದಿಗೆ ಹೋದೆ. ಅವ್ವ ನಾರಾಯಣಪೇಟೆಗೆ ಹೋದಳು. ಹೊರಡುವ ದಿನ ಅತ್ತೆ ಒಂದು ಗಡಿಗೆ ತುಂಬ ಸಾಸಿವೆ ಕಟ್ಟಿಕೊಟ್ಟು, ಅವ್ವನ ಕೈ ಹಿಡಿದು ಅತ್ತರು.

ದೀಪಾವಳಿ ರಜೆಗೆ ನಾನು ಊರಿಗೆ ಬಂದಾಗ ಪಡಸಾಲೆಯಲ್ಲಿ ಎರಡು ಮಗ್ಗ ನಡೆಯುತ್ತಿದ್ದವು. ನಡುವೆ ಹೊಸ ಮಣ್ಣಿನ ಗೋಡೆ. ನಾವು ಈಗ ಹಿತ್ತಲ ಬಾಗಿಲಿನಿಂದಲೇ ಓಡಾಡಬೇಕು. ಮೊಗುಲಮ್ಮ ಬಾವಿಗೆ ಬಂದಾಗಲೆಲ್ಲ ತನ್ನ ಕೊಡಕ್ಕೆ ಮುಂಚೆ ಅವ್ವನ ಕೊಡ ತುಂಬಿಸಿಡುವಳು. ಅವ್ವ ಒಲೆಯ ಮುಂದೆ ಕೂತು, ಯಾರನ್ನೂ ಕೇಳದೆ, ಕೈತುಂಬ ಸಾಸಿವೆ ಎಣ್ಣೆಗೆ ಸುರಿದಳು. ಸಾರು ಕಹಿಯಾಯಿತು. ಇಬ್ಬರೂ ಅದನ್ನೇ ಉಂಡೆವು.

ಆ ಮಧ್ಯಾಹ್ನ ಕುರುಮಯ್ಯ ಬಂದ. ಕಾಲು ಇನ್ನೂ ಸ್ವಲ್ಪ ಕುಂಟುತ್ತಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ನೀರು ಕುಡಿದು, ಎಡಗೈ ದಾರ ಎತ್ತಿ ಹಿಡಿದ.

"ಕರಿಬಸಯ್ಯ ಸಾವ್ಕಾರ್ರು ಈ ಹಿಂದಿನರ್ಧಾ ಕೇಳ್ಯಾರ್ರಿ. ಎಂಟು ನೂರು ಕೊಡ್ತಾರಂತ." ಗಂಟು ಬಿಚ್ಚಿದ.

"ಬ್ಯಾಡ," ಎಂದಳು ಅವ್ವ.

"ಆತ್ರಿ." ಸ್ವಲ್ಪ ಹೊತ್ತು ದಾರವನ್ನು ಬೆರಳಿನಲ್ಲಿ ನೇವರಿಸಿದ. "ಇನ್ನ ಮುಂದ ಯಾರ ಮಾತೂ ತರಬ್ಯಾಡ ಅಂತ ನೀವು ಹೇಳಿದ್ರ ಗಂಟು ಹಾಕೂದನ್ನ ಬಿಡ್ತೀನಿ. ನೀವು ಹೇಳ್ಬೇಕಷ್ಟ."

ಅವ್ವ ಅವನ ಖಾಲಿ ಚೊಂಬಿಗೆ ಮತ್ತೆ ನೀರು ತುಂಬಿದಳು.

"ತರಬೇಕಣ್ಣ. ಬ್ಯಾಡ ಅನ್ನಾಕ ನಂಗೂ ಒಂದು ಮನಿ ಐತಲ್ಲ."